ರಿಪೋರ್ಟಿನ ಅಂಕಿಯಲ್ಲಿ ಗಂಡಸುತನ ಹುಡುಕಬೇಡಿ

‘ಮಗನಿಗೆ ಹದಿನಾರು ತುಂಬಿತು. ಇನ್ನೂ ದನಿ ಒಡೆದಿಲ್ಲ, ಮೀಸೆ ಚಿಗುರಿಲ್ಲ. ಕ್ಲಾಸಿನ ಹುಡುಗರು ಆಡಿಕೊಳ್ಳುತ್ತಾರಂತೆ. ಯಾರನ್ನು ಕೇಳಲಿ?’

‘ಮದುವೆಯಾಗಿ ನಾಲ್ಕು ವರ್ಷ. ನನಗೆ ಎಲ್ಲ ಟೆಸ್ಟೂ ಆಯಿತು. ಅವರು ಮಾತ್ರ ಲ್ಯಾಬಿನ ಮೆಟ್ಟಿಲು ಹತ್ತೋದಿಲ್ಲ.’

‘ಮಗಳಿಗೆ ಹದಿನೇಳು. ಎತ್ತರ, ಮೈಕಟ್ಟು ಎಲ್ಲ ಚೆನ್ನಾಗಿದೆ. ಆದರೆ ಇನ್ನೂ ದೊಡ್ಡವಳಾಗಿಲ್ಲ.’

ಇಂಥ ಮಾತುಗಳನ್ನು ಹೆಂಗಸರು ಜೋರಾಗಿ ಆಡುವುದಿಲ್ಲ. ತರಕಾರಿ ಗಾಡಿಯ ಹತ್ತಿರವೋ, ದೇವಸ್ಥಾನದ ಪ್ರದಕ್ಷಿಣೆಯಲ್ಲೋ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಮೊಳ ಹೂವಿಗೆ ಚೌಕಾಸಿ ಮಾಡುವಾಗಲೋ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಈ ಮೂರೂ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆ. ಆದರೆ ಬಹಳ ಸಲ ಮೂರರ ಬೇರೂ ಒಂದೇ ಕಡೆ ಇರುತ್ತದೆ. ಅದು ಪುರುಷ ಹಾರ್ಮೋನು, ಅಂದರೆ ಟೆಸ್ಟೋಸ್ಟೆರಾನ್ ಮತ್ತು ಅದರ ಬಳಗದ ಆಂಡ್ರೋಜೆನ್‌ಗಳು. ಹಾರ್ಮೋನಿಗೆ ದೇಹ ಹೇಗೆ ಸ್ಪಂದಿಸುತ್ತದೆ ಅನ್ನೋದೂ ಇದರಲ್ಲಿ ಸೇರಿದೆ.

‘ಗಂಡಸರ ಹಾರ್ಮೋನಿನ ವಿಷಯ ಹೆಂಗಸರ ಪುಟದಲ್ಲಿ ಯಾಕಮ್ಮಾ?’ ಅಂತ ಯಾರಾದರೂ ಕೇಳಬಹುದು. ಮಗ ಬೆಳೆಯದಿದ್ದರೆ ‘ತಾಯಿ ಸರಿಯಾಗಿ ಊಟ ಹಾಕಿಲ್ಲ’ ಅನ್ನುತ್ತಾರೆ. ಮಕ್ಕಳಾಗದಿದ್ದರೆ ಹರಕೆ, ವ್ರತ, ಸ್ಕ್ಯಾನಿಂಗ್ ಎಲ್ಲ ಸೊಸೆಯ ಪಾಲಿಗೆ. ಮಗಳು ಋತುಮತಿಯಾಗದಿದ್ದರೂ ತಾಯಿಯ ಕಡೆಯೇ ಬೆರಳು. ಬೈಸಿಕೊಳ್ಳುವವರು ನಾವೇ ಆದ ಮೇಲೆ ವಿಷಯ ತಿಳಿದುಕೊಳ್ಳಬೇಕಾದವರೂ ನಾವೇ ಅಲ್ಲವೇ?

ಶಬ್ದ ಒಂದೇ, ಕೇಳುವ ಕಿವಿ ಬೇರೆ

ಹೋರಿಯ ಬೀಜ ಒಡೆದರೆ ಅದು ಸಾಧುವಾದ ಎತ್ತಾಗುತ್ತದೆ ಅನ್ನೋದು ನಮ್ಮ ರೈತರಿಗೆ ಎಂದಿನಿಂದಲೋ ಗೊತ್ತು. ಯಾಕೆ ಹೀಗಾಗುತ್ತದೆ ಎಂಬುದನ್ನು 1849ರಲ್ಲಿ ಜರ್ಮನಿಯ ಬರ್ಟೋಲ್ಡ್ ಎಂಬ ವಿಜ್ಞಾನಿ ಹುಂಜಗಳ ಮೇಲೆ ಪರೀಕ್ಷಿಸಿದ. ವೃಷಣ ತೆಗೆದ ಹುಂಜದ ಜುಟ್ಟು ಬಾಡಿತು, ಕೂಗು ನಿಂತಿತು. ವೃಷಣವನ್ನು ಹೊಟ್ಟೆಯೊಳಗೆ ಮತ್ತೆ ಇಟ್ಟಾಗ ಜುಟ್ಟೂ ಬಂತು, ಕೂಗೂ ಬಂತು. ಅಲ್ಲಿಂದ ರಕ್ತಕ್ಕೆ ಏನೋ ಸೇರುತ್ತಿದೆ ಅಂತ ಆಗ ತಿಳಿಯಿತು. ಆ ‘ಏನೋ’ ಟೆಸ್ಟೋಸ್ಟೆರಾನ್ ಎಂದು ಗುರುತಿಸಿ ಬೇರ್ಪಡಿಸಿದ್ದು 1935ರಲ್ಲಿ.

ಇಷ್ಟು ಕಾಲ ಎಲ್ಲರೂ ಕೇಳುತ್ತಿದ್ದುದು ‘ಹಾರ್ಮೋನು ಎಷ್ಟಿದೆ?’ ಎಂಬ ಒಂದೇ ಪ್ರಶ್ನೆ. ಆದರೆ ಹಾರ್ಮೋನು ರಕ್ತದಲ್ಲಿ ಹರಿದಾಡಿದರೆ ಸಾಲದು. ಜೀವಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇರಬೇಕು. ಅದಕ್ಕೆ ಆಂಡ್ರೋಜೆನ್ ರಿಸೆಪ್ಟರ್ ಅನ್ನುತ್ತಾರೆ. ನಾವು ಕಿವಿ ಅಂತಲೇ ಕರೆಯೋಣ.

ನಮ್ಮ ಓಕಳಿಪುರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಗಲು ರಾತ್ರಿ ರೈಲು ಓಡಾಡುತ್ತಲೇ ಇರುತ್ತದೆ. ಇಲ್ಲೇ ಹುಟ್ಟಿ ಬೆಳೆದವರು ಆ ಸದ್ದಿನಲ್ಲೇ ಗಾಢ ನಿದ್ದೆ ಹೊಡೆಯುತ್ತಾರೆ. ಊರಿಂದ ಬಂದ ನೆಂಟರು ಮಾತ್ರ ಪ್ರತಿ ಹಾರ್ನಿಗೂ ಎದ್ದು ಕೂರುತ್ತಾರೆ. ರೈಲಿನ ಸದ್ದು ಇಬ್ಬರಿಗೂ ಒಂದೇ. ಹಾರ್ಮೋನಿನ ಕಥೆಯೂ ಹಾಗೇ. ಇಬ್ಬರ ರಿಪೋರ್ಟಿನಲ್ಲಿ ಅಂಕಿ ಒಂದೇ ಇದ್ದರೂ ಒಬ್ಬನಿಗೆ ದಟ್ಟ ಗಡ್ಡ, ಇನ್ನೊಬ್ಬನಿಗೆ ನಾಲ್ಕು ಕೂದಲು. ಒಬ್ಬರ ದೇಹಕ್ಕೆ ಸ್ವಲ್ಪ ಹಾರ್ಮೋನೇ ಸಾಕು, ಇನ್ನೊಬ್ಬರಿಗೆ ಹೆಚ್ಚು ಬೇಕು.

ಇದು ಗಂಡಸರಿಗಷ್ಟೇ ಸೇರಿದ್ದಲ್ಲ. ಹೆಂಗಸರ ಮೈಯಲ್ಲೂ ಈ ಹಾರ್ಮೋನು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಪಿಸಿಓಡಿ ಇದ್ದವರಲ್ಲಿ ಅದು ಹೆಚ್ಚಾಗಿ ಗದ್ದದ ಮೇಲೆ ಕೂದಲು ಬರಬಹುದು. ಆದರೆ ಕೆಲವು ಹುಡುಗಿಯರ ರಕ್ತಪರೀಕ್ಷೆ ಪೂರ್ತಿ ನಾರ್ಮಲ್, ಮುಟ್ಟು ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತದೆ, ಆದರೂ ಪಾರ್ಲರಿಗೆ ಹೋಗುವುದು ತಪ್ಪೋದಿಲ್ಲ. ಅವರ ಕೂದಲಿನ ಬುಡ ಇರುವಷ್ಟು ಹಾರ್ಮೋನಿಗೇ ಹೆಚ್ಚು ಸ್ಪಂದಿಸುತ್ತದೆ, ಅಷ್ಟೇ. ‘ಗಂಡು ಲಕ್ಷಣ’ ಅಂತ ಆ ಹುಡುಗಿಯರನ್ನು ಗೋಳುಹೊಯ್ದುಕೊಳ್ಳುವವರು ಇದನ್ನು ತಿಳಿಯಬೇಕು.

ಸೋದರಮಾವನ ಬೋಳುತಲೆ

ಈಗ ಸ್ವಾರಸ್ಯದ ವಿಷಯಕ್ಕೆ ಬನ್ನಿ. ಈ ‘ಕಿವಿ’ಯನ್ನು ತಯಾರಿಸುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ತಂದೆಯಿಂದ ವೈ ಬರುತ್ತದೆ, ಎಕ್ಸ್ ಬರುವುದು ತಾಯಿಯಿಂದ. ಅಂದರೆ ಪುರುಷ ಹಾರ್ಮೋನನ್ನು ಕೇಳಿಸಿಕೊಳ್ಳುವ ಶಕ್ತಿಯನ್ನು ಮಗನಿಗೆ ಕೊಡುವವಳು ತಾಯಿ! ತಲೆಕೂದಲು ಉದುರುವ ಹುಡುಗನನ್ನು ನೋಡಿ ‘ಸೋದರಮಾವನ ಹಾಗೆ ಬೋಳಾಗ್ತಾನೆ’ ಅನ್ನುವ ಮಾತು ಕೇಳಿರುತ್ತೀರಿ. ಅದರಲ್ಲಿ ಒಂದಿಷ್ಟು ಸತ್ಯವಿದೆ. ಚಿಕ್ಕ ವಯಸ್ಸಿನಲ್ಲೇ ಬೋಳಾಗುವುದಕ್ಕೂ ಈ ಜೀನಿಗೂ ನಂಟಿದೆ ಎಂದು 2005ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ತಂದೆಯ ಕಡೆಯಿಂದ ಬರುವ ಬೇರೆ ಜೀನ್‌ಗಳ ಪಾಲೂ ಇದೆ, ಹಾಗಾಗಿ ಮಾವನೊಬ್ಬನನ್ನೇ ದೂರಬೇಡಿ.

ಈ ಜೀನಿನ ಒಂದು ಭಾಗದಲ್ಲಿ ಸಿ-ಎ-ಜಿ ಎಂಬ ಮೂರು ಅಕ್ಷರಗಳು ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ಕನಕಾಂಬರದ ದಂಡೆಯ ಗಂಟುಗಳ ಹಾಗೆ ಅಂತಿಟ್ಟುಕೊಳ್ಳಿ. ಒಬ್ಬರಲ್ಲಿ ಹದಿನೆಂಟು ಸಲ, ಇನ್ನೊಬ್ಬರಲ್ಲಿ ಇಪ್ಪತ್ತೈದು ಸಲ. ಸಾಮಾನ್ಯವಾಗಿ ಇದು 9ರಿಂದ 36ರೊಳಗೆ ಇರುತ್ತದೆ, ಬಹಳಷ್ಟು ಜನರಲ್ಲಿ 20ರ ಆಸುಪಾಸು. ದಂಡೆ ಉದ್ದವಾದಷ್ಟೂ ರಿಸೆಪ್ಟರಿನ ಚುರುಕು ಸ್ವಲ್ಪ ಕಡಿಮೆ. ಈ ಸಂಖ್ಯೆ ಸುಮಾರು 40ರ ಹತ್ತಿರ ಹೋದರೆ ಅಥವಾ ದಾಟಿದರೆ ಮಾತ್ರ ಕೆನಡಿ ಕಾಯಿಲೆ ಎಂಬ ಅಪರೂಪದ ನರ-ಸ್ನಾಯು ದೌರ್ಬಲ್ಯ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಿಕ್ಕವರಲ್ಲಿ ಈ ವ್ಯತ್ಯಾಸ ಕಾಯಿಲೆ ಅಲ್ಲ. ಒಬ್ಬರು ಕಪ್ಪು, ಒಬ್ಬರು ಎಣ್ಣೆಗೆಂಪು ಇದ್ದಂತೆ.

ಹಾಗಾದರೆ ದಂಡೆ ಉದ್ದ ಇದ್ದವರಿಗೆ ಮಕ್ಕಳಾಗೋದಿಲ್ಲವೇ? ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ನಮ್ಮ ದೇಶದ ಗಂಡಸರ ಮೇಲೆಯೇ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತೀಯ ಪುರುಷರ ಬಂಜೆತನಕ್ಕೂ ಈ ದಂಡೆಯ ಉದ್ದಕ್ಕೂ ಅವರಿಗೆ ನಂಟು ಕಾಣಲಿಲ್ಲ. ಹಾಗಾಗಿ ಯಾರಾದರೂ ‘ಜೀನ್ ಟೆಸ್ಟ್ ಮಾಡಿಸಿ, ನಿಮ್ಮ ಗಂಡಸುತನದ ಮಟ್ಟ ಹೇಳ್ತೀವಿ’ ಅಂದರೆ ದುಡ್ಡನ್ನು ಪರ್ಸಿನಲ್ಲೇ ಇಟ್ಟುಕೊಳ್ಳಿ.

ನಿಜವಾದ ಕೊರತೆ ಎಂದರೆ ಯಾವುದು?

ಮೀಸೆ ತೆಳ್ಳಗಿರುವುದು, ಎದೆಯ ಮೇಲೆ ಕೂದಲು ಇಲ್ಲದಿರುವುದು ಕೊರತೆ ಅಲ್ಲ. ವಾರವಿಡೀ ಓಡಾಡಿ, ಟ್ರಾಫಿಕ್ಕಿನಲ್ಲಿ ಬೆಂದು ಬಂದ ಗಂಡ ಭಾನುವಾರ ಸೋಫಾದ ಮೇಲೆ ಬಿದ್ದುಕೊಂಡರೆ ಅದೂ ಹಾರ್ಮೋನಿನ ಕೊರತೆ ಅಲ್ಲ! ತುಂಬಾ ದಿನಗಳಿಂದ ದಾಂಪತ್ಯದಲ್ಲಿ ಆಸಕ್ತಿ ಇಲ್ಲ, ಬೆಳಗಿನ ಹೊತ್ತಿನ ಸಹಜ ಉದ್ರೇಕ ನಿಂತಿದೆ, ಗಡ್ಡ ಬೋಳಿಸುವ ಅಗತ್ಯ ಕಡಿಮೆಯಾಗುತ್ತಿದೆ, ಎದೆ ಹೆಂಗಸರಂತೆ ಬೆಳೆಯುತ್ತಿದೆ, ಸಣ್ಣ ಏಟಿಗೇ ಮೂಳೆ ಮುರಿಯುತ್ತಿದೆ, ಇಂಥವು ಒಟ್ಟಿಗೆ ಕಂಡಾಗ ವೈದ್ಯರ ಹತ್ತಿರ ಹೋಗಬೇಕು.

ಹೋದಾಗ ಏನು ಕೇಳಬೇಕು? ಟೆಸ್ಟೋಸ್ಟೆರಾನ್ ಬೆಳಗಿನ ಹೊತ್ತು ಹೆಚ್ಚಿರುತ್ತದೆ, ಸಂಜೆಗೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತು ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಒಂದೇ ಸಲ ಕಡಿಮೆ ಬಂದರೆ ತೀರ್ಮಾನ ಬೇಡ, ಬೇರೆ ದಿನ ಇನ್ನೊಮ್ಮೆ ಮಾಡಿಸಬೇಕು. ಜ್ವರ ಬಂದು ಎದ್ದ ವಾರದಲ್ಲಿ ಮಾಡಿಸಿದರೆ ಅಂಕಿ ಸುಳ್ಳು ಹೇಳುತ್ತದೆ. ವಯಸ್ಕ ಗಂಡಸರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 300ರಿಂದ 1,000 ನ್ಯಾನೋಗ್ರಾಂವರೆಗೆ ಸಾಮಾನ್ಯ ಎನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಎಷ್ಟು ಅಗಲವಾದ ಅಂತರ ನೋಡಿ. 400 ಇದ್ದವನು 800 ಇದ್ದವನ ಅರ್ಧ ಗಂಡಸಲ್ಲ!

ಕಡಿಮೆ ಇರುವುದು ಖಚಿತವಾದರೆ ಎಲ್.ಎಚ್., ಎಫ್.ಎಸ್.ಎಚ್., ಪ್ರೊಲ್ಯಾಕ್ಟಿನ್ ಪರೀಕ್ಷೆಗಳಿವೆ. ತೊಂದರೆ ಇರುವುದು ವೃಷಣದಲ್ಲೋ, ಅದಕ್ಕೆ ಆಜ್ಞೆ ಕಳಿಸುವ ಮೆದುಳಿನ ಪಿಟ್ಯುಟರಿ ಗ್ರಂಥಿಯಲ್ಲೋ ಎಂದು ಅವು ಹೇಳುತ್ತವೆ. ದೊಡ್ಡವರಾದ ಮೇಲೆ ಬಂದ ಮಂಗನಬಾವು ವೃಷಣಕ್ಕೆ ಇಳಿದಿರಬಹುದು. ಮಗುವಾಗಿದ್ದಾಗ ಬೀಜ ಕೆಳಗಿಳಿಯದೆ ಉಳಿದಿರಬಹುದು. ನಮ್ಮಲ್ಲಿ ಮನೆಮನೆಗೂ ಬಂದಿರುವ ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜು ಎರಡೂ ಈ ಹಾರ್ಮೋನನ್ನು ಇಳಿಸುತ್ತವೆ. ತೂಕ ಇಳಿದರೆ ಎಷ್ಟೋ ಸಲ ಅದೇ ಏರುತ್ತದೆ. ಹಾಗಾಗಿ ಮೊದಲ ಔಷಧಿ ನಮ್ಮ ಅಡುಗೆಮನೆ ಮತ್ತು ಸ್ಯಾಂಕಿ ಕೆರೆಯ ವಾಕಿಂಗ್ ದಾರಿ!

ನಿಜವಾಗಿ ಕೊರತೆ ಇದ್ದವರಿಗೆ ಹಾರ್ಮೋನು ಕೊಡುವುದು ಒಳ್ಳೆಯ ಚಿಕಿತ್ಸೆಯೇ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹೃದ್ರೋಗದ ಅಪಾಯ ಇದ್ದ 5,000ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿದರು. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚು ಕಂಡಿತು. ಆದ್ದರಿಂದ ಇದು ವೈದ್ಯರ ಕಣ್ಗಾವಲಿನಲ್ಲಿ ಆಗಬೇಕಾದ ಕೆಲಸ. ಮೆಡಿಕಲ್ ಸ್ಟೋರಿನ ಹುಡುಗನನ್ನು ಕೇಳಿ ಮಾಡುವುದಲ್ಲ.

ಮಗನ ದನಿ ಒಡೆಯಲಿಲ್ಲವೇ?

ಮೊದಲು ಗಾಬರಿ ಬಿಡಿ. ತಡವಾಗಿ ಬೆಳೆಯುವ ಹುಡುಗರಲ್ಲಿ ಹೆಚ್ಚಿನವರು ಮನೆತನದಿಂದಲೇ ಹಾಗೆ. ‘ನಿಮಗೆ ಯಾವಾಗ ಮೀಸೆ ಬಂತು?’ ಅಂತ ಗಂಡನನ್ನು ಕೇಳಿ, ಅತ್ತೆಯವರನ್ನೂ ಕೇಳಿ. ‘ಅವನೂ ಕಾಲೇಜಿಗೆ ಹೋದ ಮೇಲೇ ಉದ್ದ ಆದದ್ದು’ ಅಂದರೆ ಅರ್ಧ ಉತ್ತರ ಸಿಕ್ಕಂತೆ. ಎಡಗೈಯ ಒಂದು ಎಕ್ಸ್‌ರೇಯಿಂದ ಮೂಳೆಯ ವಯಸ್ಸನ್ನು ವೈದ್ಯರು ಹೇಳಬಲ್ಲರು. ಆದರೆ 14 ತುಂಬಿದರೂ ಬೆಳವಣಿಗೆಯ ಯಾವ ಗುರುತೂ ಇಲ್ಲದಿದ್ದರೆ ‘ನೋಡೋಣ’ ಅಂತ ಕೂರಬೇಡಿ, ತೋರಿಸಿ. ಹದಿಹರೆಯದಲ್ಲಿ ಹುಡುಗರ ಎದೆ ಸ್ವಲ್ಪ ಊದುವುದು ಬಹಳ ಸಾಮಾನ್ಯ. ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಅಂಗಿ ಬಿಚ್ಚಲು ನಾಚುವ ಹುಡುಗನಿಗೆ ಈ ಒಂದು ಮಾತು ಹೇಳಿದರೆ ಎಷ್ಟು ಸಮಾಧಾನವಾಗುತ್ತದೆ ಗೊತ್ತೇ?

ಎರಡು ಸ್ಥಿತಿಗಳನ್ನು ತಾಯಂದಿರು ತಿಳಿದಿರಬೇಕು. ಒಂದು, ಕ್ಲೈನ್‌ಫೆಲ್ಟರ್. 1942ರಲ್ಲಿ ಅಮೆರಿಕದ ವೈದ್ಯ ಹ್ಯಾರಿ ಕ್ಲೈನ್‌ಫೆಲ್ಟರ್ ವಿವರಿಸಿದ್ದು. ಈ ಹುಡುಗರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುತ್ತದೆ. ಹುಟ್ಟುವ ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಿರುತ್ತದೆ, ಅಷ್ಟೇನೂ ಅಪರೂಪವಲ್ಲ. ಉದ್ದ ಕೈಕಾಲು, ಚಿಕ್ಕ ವೃಷಣ, ಕೆಲವರಿಗೆ ಓದು-ಮಾತಿನಲ್ಲಿ ಸ್ವಲ್ಪ ಹಿಂದೆ. ಬಹಳ ಜನರಿಗೆ ಇದು ತಿಳಿಯುವುದು ಮದುವೆಯಾಗಿ ಮಕ್ಕಳಾಗದಿದ್ದಾಗ! ಬೇಗ ತಿಳಿದರೆ ಸಕಾಲಕ್ಕೆ ಹಾರ್ಮೋನು ಕೊಟ್ಟು ಮೂಳೆ, ಮಾಂಸಖಂಡ, ಆತ್ಮವಿಶ್ವಾಸ ಎಲ್ಲವನ್ನೂ ಕಾಪಾಡಬಹುದು.

ಇನ್ನೊಂದು, ಕಾಲ್‌ಮನ್. ಇದರ ಸುಳಿವು ಮೂಗಿನಲ್ಲಿದೆ! ವಾಸನೆ ತಿಳಿಯುವ ನರಗಳೂ ಹಾರ್ಮೋನಿಗೆ ಚಾಲನೆ ಕೊಡುವ ಮೆದುಳಿನ ಕೋಶಗಳೂ ಭ್ರೂಣದಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ದಾರಿ ಕಟ್ಟಿದರೆ ಎರಡೂ ಇಲ್ಲ. ಹುಡುಗ ಬೆಳೆಯುತ್ತಿಲ್ಲ, ಜೊತೆಗೆ ಒಗ್ಗರಣೆ ಸೀದರೂ ಅವನಿಗೆ ತಿಳಿಯೋದಿಲ್ಲ, ಕಾಫಿಪುಡಿ ಅಂಗಡಿಯ ಮುಂದೆ ಹೋದರೂ ಘಮ ಗೊತ್ತಾಗೋದಿಲ್ಲ ಅಂದರೆ ವೈದ್ಯರಿಗೆ ತಪ್ಪದೆ ಹೇಳಿ. ಇದನ್ನು ಗಮನಿಸಬಲ್ಲವರು ಅಡುಗೆಮನೆಯಲ್ಲಿರುವ ನಾವೇ. ಸಂತೋಷದ ವಿಷಯ ಏನೆಂದರೆ ಇದಕ್ಕೆ ಚಿಕಿತ್ಸೆ ಇದೆ, ಮುಂದೆ ಮಕ್ಕಳನ್ನು ಪಡೆದವರೂ ಇದ್ದಾರೆ.

ಮಲ್ಲೇಶ್ವರದ ಮಂಗಗಳು ಹೇಳುವ ಪಾಠ

ಗಂಡಸುತನ ಬೇರೆ, ಮಕ್ಕಳಾಗುವ ಶಕ್ತಿ ಬೇರೆ. ಇದನ್ನು ತೋರಿಸಿದ ಕೆಲಸ ನಡೆದದ್ದು ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಪ್ರೊ. ಎನ್.ಆರ್. ಮುದ್ಗಲ್ ಮತ್ತು ಸಂಗಡಿಗರು ಸಂಪಿಗೆ ಮರಗಳಲ್ಲಿ ಹಾರಾಡಿ ನಮ್ಮ ಹಪ್ಪಳ ಕದಿಯುವಂಥದೇ ಜಾತಿಯ ಮಂಗಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಗಂಡುಮಂಗಗಳಲ್ಲಿ ಎಫ್.ಎಸ್.ಎಚ್. ಹಾರ್ಮೋನನ್ನು ಲಸಿಕೆಯಿಂದ ತಡೆದಾಗ ವೀರ್ಯಾಣು ಕುಗ್ಗಿ ಅವು ಮರಿ ಹುಟ್ಟಿಸದಾದವು. ಆದರೆ ಟೆಸ್ಟೋಸ್ಟೆರಾನ್ ಮೊದಲಿನಷ್ಟೇ ಇತ್ತು! 1997ರಲ್ಲಿ ಕೆಲವೇ ಮಂದಿ ಸ್ವಯಂಸೇವಕ ಗಂಡಸರ ಮೇಲೆ ನಡೆಸಿದ ಪ್ರಾಥಮಿಕ ಪ್ರಯೋಗವೂ ಪ್ರಕಟವಾಯಿತು.

ಅರ್ಥ ಇಷ್ಟೇ. ಮೀಸೆ, ಗಡಸು ದನಿ, ಬಲವಾದ ತೋಳು ಎಲ್ಲ ಇದ್ದೂ ವೀರ್ಯಾಣು ಇಲ್ಲದಿರಬಹುದು. ‘ನಮ್ಮ ಹುಡುಗ ಗಂಡು ಸಿಂಹ, ದೋಷ ಇದ್ದರೆ ಅವಳಲ್ಲೇ’ ಅನ್ನುವ ಅತ್ತೆಯವರಿಗೆ ವಿಜ್ಞಾನದ ಬೆಂಬಲವಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಹೆಂಗಸಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯಲ್ಲಿ ತೂತು ಮಾಡಿ ನೋಡುವ ಮೊದಲು ಗಂಡಸಿನ ವೀರ್ಯ ಪರೀಕ್ಷೆ ಆಗಬೇಕು. ಅದಕ್ಕೆ ಸೂಜಿ ಕೂಡ ಬೇಕಿಲ್ಲ, ಖರ್ಚೂ ಕಡಿಮೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಮಕ್ಕಳು ಬೇಕು ಅನ್ನುವ ಗಂಡಸು ‘ಶಕ್ತಿ ಬರಲಿ’ ಅಂತ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಂಡರೆ ಆಗುವುದು ಪೂರ್ತಿ ಉಲ್ಟಾ! ಹೊರಗಿನಿಂದ ಹಾರ್ಮೋನು ಬಂದಾಗ ‘ಇಲ್ಲಿ ಸಾಕಷ್ಟಿದೆ’ ಎಂದು ಮೆದುಳು ಆಜ್ಞೆ ನಿಲ್ಲಿಸುತ್ತದೆ. ವೃಷಣ ರಜೆ ಹಾಕುತ್ತದೆ, ವೀರ್ಯಾಣು ಇಳಿದು ಸೊನ್ನೆಗೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು ಅಂದರೆ ನೀವೇ ಯೋಚಿಸಿ. ಜಿಮ್ಮಿನಲ್ಲಿ ಮೈ ಹುರಿಮಾಡಲು ಕೊಡುವ ಸ್ಟಿರಾಯ್ಡ್‌ಗಳೂ ಇದೇ ಬಳಗ. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಮಗನ ಬ್ಯಾಗಿನಲ್ಲಿ ಸಿರಿಂಜೋ ಹೆಸರಿಲ್ಲದ ಡಬ್ಬವೋ ಕಂಡರೆ ಕೂಗಾಡಬೇಡಿ, ಕೂರಿಸಿಕೊಂಡು ಈ ಲೆಕ್ಕ ಹೇಳಿ.

ಗೋಡೆಯ ಮೇಲಿನ ವೈದ್ಯರು

ಮೆಜೆಸ್ಟಿಕ್ಕಿನ ಸುತ್ತಮುತ್ತ ಲಾಡ್ಜುಗಳ ಸಂದಿಯಲ್ಲಿ, ಬಸ್ಸಿನ ಸೀಟಿನ ಹಿಂದೆ, ಸಾರ್ವಜನಿಕ ಶೌಚಾಲಯದ ಗೋಡೆಯಲ್ಲಿ ‘ಗುಪ್ತ ಸಮಸ್ಯೆಗೆ ಗ್ಯಾರಂಟಿ ಪರಿಹಾರ’ದ ಚೀಟಿಗಳನ್ನು ನೋಡದವರು ಯಾರು? ಮರ್ಯಾದೆಗೆ ಅಂಜಿದ ಗಂಡಸರು ಅಲ್ಲಿಗೇ ಹೋಗುತ್ತಾರೆ. ಸಂಬಳದ ಹಣ, ಕೆಲವೊಮ್ಮೆ ಹೆಂಡತಿಯ ಬಳೆಯೂ ಅಲ್ಲಿ ಕರಗುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ನಪುಂಸಕತೆ ಗುಣಪಡಿಸುತ್ತೇವೆ ಎಂಬ ಔಷಧಿ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ನಿಷೇಧಿಸಿದೆ. ಕಾನೂನಿಗೆ ಎಪ್ಪತ್ತು ವರ್ಷ ದಾಟಿದರೂ ಚೀಟಿಗಳಿಗೆ ಬರವಿಲ್ಲ. ಯಾಕೆಂದರೆ ಆ ಅಂಗಡಿ ನಡೆಯುವುದು ನಮ್ಮ ನಾಚಿಕೆಯಿಂದ. ಮನೆಯಲ್ಲಿ ಮಾತು ಶುರುವಾದರೆ ಅಲ್ಲಿ ಬಾಗಿಲು ಮುಚ್ಚುತ್ತದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಹಾರ್ಮೋನಿನ ತಜ್ಞರು ಎಂಡೋಕ್ರೈನಾಲಜಿಸ್ಟ್, ಮೂತ್ರ-ಜನನಾಂಗದ ತಜ್ಞರು ಯೂರಾಲಜಿಸ್ಟ್. ಮೊದಲಿಗೆ ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯ ವೈದ್ಯರಿಗೆ ತೋರಿಸಿದರೂ ಸರಿಯಾದ ಕಡೆಗೆ ಕಳಿಸುತ್ತಾರೆ.

ದೊಡ್ಡವಳಾಗದ ಮಗಳು

ಈಗ ಎಲ್ಲಕ್ಕಿಂತ ಸೂಕ್ಷ್ಮದ ಮಾತು. ಹಾರ್ಮೋನಿನ ಕೂಗನ್ನು ದೇಹ ಪೂರ್ತಿ ಕೇಳಿಸಿಕೊಳ್ಳದೇ ಹೋದರೆ? ಆಗ ಎಕ್ಸ್-ವೈ ಕ್ರೋಮೋಸೋಮ್ ಇದ್ದರೂ ಮಗು ಹುಟ್ಟುವುದು ಹೆಣ್ಣಾಗಿಯೇ. ಹೆಣ್ಣಾಗಿಯೇ ಬೆಳೆಯುತ್ತದೆ, ಎದೆಯೂ ಬೆಳೆಯುತ್ತದೆ. ಗರ್ಭಕೋಶ ಮಾತ್ರ ಇರುವುದಿಲ್ಲ, ಹಾಗಾಗಿ ಮುಟ್ಟು ಬರುವುದಿಲ್ಲ. ಒಳಗೆ ವೃಷಣಗಳಿರುತ್ತವೆ. ಪುಟ್ಟ ಹೆಣ್ಣುಮಗುವಿಗೆ ಎರಡೂ ತೊಡೆಸಂದಿನಲ್ಲಿ ಹರ್ನಿಯಾ ಬಂದಾಗ ಕೆಲವೊಮ್ಮೆ ಇದು ಪತ್ತೆಯಾಗುತ್ತದೆ. ಇದಕ್ಕೆ ಆಂಡ್ರೋಜೆನ್ ಇನ್‌ಸೆನ್ಸಿಟಿವಿಟಿ ಎನ್ನುತ್ತಾರೆ. ಅರ್ಧಂಬರ್ಧ ಸ್ಪಂದಿಸುವವರೂ ಇದ್ದಾರೆ. ಅಂಥ ಮಗುವಿನ ಜನನಾಂಗ ಹುಟ್ಟುವಾಗಲೇ ಗಂಡೋ ಹೆಣ್ಣೋ ತಿಳಿಯದಂತೆ ಇರಬಹುದು.

ಇಂಥ ಸ್ಥಿತಿಯನ್ನು ಲೋಕ ಹೇಗೆ ನಡೆಸಿಕೊಂಡಿತು ಅನ್ನೋದಕ್ಕೆ ನೆರೆಯ ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ ಕಥೆ ಸಾಕು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಟದ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ನಡೆಸಿ ಪದಕ ಕಿತ್ತುಕೊಂಡರು. ಹೆಣ್ಣುಮಗಳೊಬ್ಬಳ ದೇಹದ ಗುಟ್ಟು ರಾತ್ರೋರಾತ್ರಿ ಟೀವಿಯಲ್ಲಿ ಬಯಲಾಯಿತು. ಆಕೆಯದು ಆಂಡ್ರೋಜೆನ್‌ಗೆ ಸ್ಪಂದಿಸದ ಸ್ಥಿತಿ ಎಂದು ಪತ್ರಿಕೆಗಳು ಬರೆದವು. 2012ರ ಹೊತ್ತಿಗೆ ಆಕೆ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದರು. ಆಮೇಲೆ ನಮ್ಮ ಬೆಂಗಳೂರಿಗೇ ಬಂದು ತರಬೇತುದಾರರ ಡಿಪ್ಲೊಮಾ ಓದಿದರು. 2016ರಲ್ಲಿ ತಮಿಳುನಾಡು ಸರ್ಕಾರ ಕೋಚ್ ಕೆಲಸ ಕೊಟ್ಟಿತು. ಒಡಿಶಾದ ದ್ಯುತಿ ಚಂದ್ ಅವರನ್ನು ಹಾರ್ಮೋನಿನ ಮಟ್ಟ ಹೆಚ್ಚಿದೆ ಎಂದು 2014ರಲ್ಲಿ ಹೊರಗಿಟ್ಟಾಗ ಅವರು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ಆ ನಿಯಮಕ್ಕೇ ತಡೆ ಬಿತ್ತು. ಆಮೇಲೆ ನಿಯಮಗಳು ಮತ್ತೆ ಬಿಗಿಯಾಗಿವೆ. 2025ರ ಸೆಪ್ಟೆಂಬರಿನಿಂದ ವಿಶ್ವ ಮಟ್ಟದ ಮಹಿಳಾ ಓಟಕ್ಕೆ ಜೀನ್ ಪರೀಕ್ಷೆಯೇ ಕಡ್ಡಾಯ. ಆದರೆ ಅಲ್ಲೂ ಆಂಡ್ರೋಜೆನ್‌ಗೆ ಪೂರ್ತಿ ಸ್ಪಂದಿಸದ ದೇಹದವರಿಗೆ ವಿನಾಯಿತಿ ಇದೆ. ಹಾರ್ಮೋನು ಇದ್ದರಷ್ಟೇ ಸಾಲದು, ಮೈ ಅದನ್ನು ಕೇಳಬೇಕು ಅನ್ನೋದನ್ನು ಕೊನೆಗೆ ಕ್ರೀಡಾಲೋಕವೂ ಒಪ್ಪಿಕೊಂಡಂತಾಯಿತು.

ನಿಮ್ಮ ಮಗಳಿಗೆ 15 ತುಂಬಿದರೂ ಮುಟ್ಟು ಬಂದಿಲ್ಲ ಅಂದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕಾರಣಗಳು ಹತ್ತಾರು ಇವೆ, ಬಹಳಷ್ಟು ಸರಳವಾದವು. ಒಂದು ವೇಳೆ ಈ ಸ್ಥಿತಿಯೇ ಅಂತ ತಿಳಿದರೆ ಅವಳು ನಿನ್ನೆಯಂತೆ ಇಂದೂ ನಿಮ್ಮ ಮಗಳೇ. ರಿಪೋರ್ಟು ಬಂದ ಮಾತ್ರಕ್ಕೆ ಅವಳ ಲಂಗ-ದಾವಣಿ ಬದಲಾಗೋದಿಲ್ಲ. ಅವಳಿಂದ ಬಚ್ಚಿಡಬೇಡಿ, ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಮುಚ್ಚಿಟ್ಟ ಸತ್ಯ ಎಂದೋ ಒಂದು ದಿನ ಬೇರೆಯವರ ಬಾಯಿಂದ ತಿಳಿದರೆ ಆಗುವ ಗಾಯ ದೊಡ್ಡದು. ಆಪರೇಷನ್ನಿಗೆ ಅವಸರ ಬೇಡ. 2019ರ ಏಪ್ರಿಲಿನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಮಕ್ಕಳ ಜನನಾಂಗವನ್ನು ‘ಸರಿಪಡಿಸುವ’ ಶಸ್ತ್ರಚಿಕಿತ್ಸೆಯನ್ನು ಎಳೆಯ ವಯಸ್ಸಿನಲ್ಲಿ ಮಾಡಬಾರದೆಂದು ಹೇಳಿತು. ಅದೇ ವರ್ಷ ತಮಿಳುನಾಡು ಸರ್ಕಾರ ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು ಮಿಕ್ಕಂತೆ ಅದನ್ನು ನಿಷೇಧಿಸಿತು. ಮಗು ಬೆಳೆದು ತನ್ನ ಮೈಯ ಬಗ್ಗೆ ತಾನೇ ಹೇಳುವ ತನಕ ಕಾಯುವುದೇ ನ್ಯಾಯ.

ತಾಯಿಯ ತಪ್ಪೇ?

ಈ ಜೀನಿನ ಬದಲಾವಣೆ ತಾಯಿಯಲ್ಲಿ ಇದ್ದರೆ ಎಕ್ಸ್-ವೈ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಅದು ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ, ತಾಯಿಯಲ್ಲಿ ಇರುವುದೇ ಇಲ್ಲ. ಹೆಣ್ಣು ಹೆತ್ತಳೆಂದು ಹೆಂಗಸನ್ನು ಬೈದ ಕಾಲ ಇತ್ತು. ಗಂಡೋ ಹೆಣ್ಣೋ ನಿರ್ಧರಿಸುವುದು ತಂದೆಯ ವೀರ್ಯಾಣು ಎಂದು ವಿಜ್ಞಾನ ಬಂದು ಹೇಳಬೇಕಾಯಿತು. ಈಗ ಅದೇ ವಿಜ್ಞಾನದ ಹೆಸರಿನಲ್ಲಿ ‘ಜೀನ್ ನಿನ್ನ ಕಡೆಯದು’ ಅಂತ ತಾಯಿಯನ್ನು ಕಟಕಟೆಗೆ ನಿಲ್ಲಿಸಬಾರದು. ಯಾರೂ ಜೀನನ್ನು ಆರಿಸಿ ಕೊಡುವುದಿಲ್ಲ, ಸೀರೆಯ ಅಂಗಡಿಯಲ್ಲ ಅದು. ಮುಂದಿನ ಮಗುವಿನ ಬಗ್ಗೆ, ತಂಗಿಯರ ಮದುವೆಯ ಬಗ್ಗೆ ಆತಂಕ ಇದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಅಂತ ಇದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಂಬ, ಆನುವಂಶಿಕ ಕಾಯಿಲೆಗಳ ಮೇಲೆಯೇ ಕೆಲಸ ಮಾಡುವ ಸಂಸ್ಥೆ ಇದೆ.

ಕಡೆಯದಾಗಿ ಮದುವೆಯ ಮಾತು. ಹುಡುಗನಿಗಾಗಲಿ ಹುಡುಗಿಗಾಗಲಿ ಇಂಥ ಸ್ಥಿತಿ ಇದೆಯೆಂದು ಗೊತ್ತಿದ್ದೂ ‘ಮದುವೆ ಆದರೆ ಎಲ್ಲ ಸರಿಹೋಗುತ್ತೆ’ ಅಂತ ಮುಚ್ಚಿಟ್ಟು ತಾಂಬೂಲ ಬದಲಿಸುವುದು ಎರಡು ಜೀವಗಳಿಗೆ ಮಾಡುವ ಮೋಸ. ಬಯಲು ಮಾಡಬೇಕಾದದ್ದು ಇಡೀ ಬಳಗಕ್ಕಲ್ಲ. ಜೊತೆಗೆ ಬಾಳಬೇಕಾದ ಆ ಒಬ್ಬ ವ್ಯಕ್ತಿಗೆ, ನಿಶ್ಚಿತಾರ್ಥಕ್ಕೆ ಮೊದಲು, ಹುಡುಗ-ಹುಡುಗಿ ತಾವೇ ಹೇಳಬೇಕು. ಕೇಳಿ ಹಿಂದೆ ಸರಿಯುವವರು ಇರುತ್ತಾರೆ. ‘ಆಗಲಿ, ಮಗುವನ್ನು ದತ್ತು ತೆಗೆದುಕೊಳ್ಳೋಣ’ ಎನ್ನುವವರೂ ಇರುತ್ತಾರೆ. ಹಾಗೆ ಹೇಳಿ ಕಟ್ಟಿದ ಸಂಸಾರ ಗಟ್ಟಿಯಾಗಿರುತ್ತದೆ.

ಗೆಳತಿಯರೇ, ಇವಿಷ್ಟು ನೆನಪಿಡಿ

* ಹುಡುಗನಿಗೆ 14 ತುಂಬಿದರೂ ಬೆಳವಣಿಗೆ ಶುರುವಾಗದಿದ್ದರೆ, ಹುಡುಗಿಗೆ 13ಕ್ಕೆ ಎದೆ ಬೆಳೆಯದಿದ್ದರೆ ಅಥವಾ 15ಕ್ಕೆ ಮುಟ್ಟು ಬರದಿದ್ದರೆ ವೈದ್ಯರಿಗೆ ತೋರಿಸಿ.

* ಗಂಡುಮಗುವಿನ ಬೀಜ ಕೆಳಗಿಳಿದಿದೆಯೇ ಎಂದು ಸ್ನಾನ ಮಾಡಿಸುವಾಗ ಗಮನಿಸಿ. ಆರು ತಿಂಗಳಾದರೂ ಇಳಿಯದಿದ್ದರೆ ತೋರಿಸಿ. ಒಂದೂವರೆ ವರ್ಷದೊಳಗೆ ಆಪರೇಷನ್ ಆದರೆ ಒಳ್ಳೆಯದು.

* ಟೆಸ್ಟೋಸ್ಟೆರಾನ್ ಪರೀಕ್ಷೆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ.

* ಮಕ್ಕಳಾಗದಿದ್ದರೆ ಪರೀಕ್ಷೆ ಇಬ್ಬರಿಗೂ ಒಟ್ಟಿಗೇ ಶುರುವಾಗಲಿ.

* ಮಗು ಬೇಕೆನ್ನುವ ಗಂಡಸು ಟೆಸ್ಟೋಸ್ಟೆರಾನ್ ಚುಚ್ಚುಮದ್ದು, ಜಿಮ್ಮಿನ ಸ್ಟಿರಾಯ್ಡ್ ಮುಟ್ಟಬಾರದು.

* ಮನಸ್ಸಿಗೆ ತಡೆಯಲಾಗದಷ್ಟು ನೋವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಗ ಕನ್ನಡಿಯ ಮುಂದೆ ನಿಂತು ಮೀಸೆ ಹುಡುಕುತ್ತಿದ್ದರೆ, ಗಂಡ ಲ್ಯಾಬಿನ ಕವರನ್ನು ಬೀರುವಿನಲ್ಲಿ ಬಚ್ಚಿಡುತ್ತಿದ್ದರೆ, ಮಗಳು ಗೆಳತಿಯರ ಮುಟ್ಟಿನ ಮಾತು ಬಂದಾಗ ಎದ್ದು ಹೋಗುತ್ತಿದ್ದರೆ ಮೊದಲು ನೀವೇ ಮಾತು ಶುರು ಮಾಡಿ. ‘ಏನಾಯ್ತಪ್ಪಾ?’ ಅಂತ ಕೇಳಲು ಡಿಗ್ರಿ ಬೇಕಿಲ್ಲ. ಔಷಧಿ ಡಾಕ್ಟರ್ ಕೊಡುತ್ತಾರೆ. ನಾಚಿಕೆ ಕಳೆಯುವ ಕೆಲಸ ಮಾತ್ರ ಮನೆಯಲ್ಲೇ ಆಗಬೇಕು. ಏನಂತೀರಿ?